ಗಾಳಿಯಂತ್ರದಿಂದ ರೇಡಾರ್‌ಗೆ ಅಡ್ಡಿ ಆಗೋದು ನಿಜ. ಮೊಬೈಲ್, ಡಿಶ್‌ಗೆ ಎಷ್ಟು ತೊಂದರೆ?

ಚಿಕ್ಕೋಡಿ: ಅಥಣಿಗೆ ಹತ್ತಿದ ಜತ್ ತಾಲ್ಲೂಕು, ನಮ್ಮ ಜಿಲ್ಲೆಯ ಸವದತ್ತಿ ಗುಡ್ಡ, ಗದಗಿನ ಕಪ್ಪತಗುಡ್ಡ ಎಲ್ಲ ಕಡೆ ಗಾಳಿಯಂತ್ರಗಳು ನಿಂತಿವೆ. ‘ಫ್ಯಾನ್ ಬಂದರೆ ನೆಟ್‌ವರ್ಕ್ ಹೋಗ್ತದ’ ಅನ್ನೋ ಮಾತಿನಲ್ಲಿ ಸತ್ಯ ಎಷ್ಟು? ಇಲ್ಲಿದೆ ಮಾಹಿತಿ.

ರೇಡಾರ್‌ಗೆ ಯಾಕೆ ಅಡ್ಡಿ?

ರೇಡಾರ್ ರೇಡಿಯೋ ತರಂಗ ಬಿಟ್ಟು, ವಸ್ತುವಿಗೆ ಬಡಿದು ವಾಪಸ್ ಬರುವ ತರಂಗವನ್ನು ಹಿಡಿಯುತ್ತದೆ. ಗುಡ್ಡ, ಕಟ್ಟಡ ಅಲುಗಾಡುವುದಿಲ್ಲ. ಹಾಗಾಗಿ ಅವನ್ನು ಬಿಟ್ಟು ಚಲಿಸುವ ವಸ್ತುವನ್ನಷ್ಟೇ ತೋರಿಸುತ್ತದೆ. ಆದರೆ ಗಾಳಿಯಂತ್ರದ ರೆಕ್ಕೆಯ ತುದಿ ಗಂಟೆಗೆ 250 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ತಿರುಗಬಲ್ಲದು. ಸಣ್ಣ ವಿಮಾನದ ವೇಗವೂ ಅಷ್ಟೇ. ಹೀಗಾಗಿ ಪರದೆ ಮೇಲೆ ಇಲ್ಲದ ವಿಮಾನ ಕಾಣಬಹುದು, ಇದ್ದ ವಿಮಾನ ಆ ಗದ್ದಲದಲ್ಲಿ ಮರೆಯಾಗಬಹುದು.

ಪಣಜಿಯಲ್ಲಿ ಇರುವಂಥ ಡಾಪ್ಲರ್ ಹವಾಮಾನ ರೇಡಾರ್‌ಗೂ ಇದೇ ಕಾಟ. ಹತ್ತಿರದಲ್ಲಿ ಯಂತ್ರಗಳಿದ್ದರೆ ಅವು ಜಾಗ ಬಿಟ್ಟು ಕದಲದ ಮಳೆಮೋಡದಂತೆ ಕಾಣುತ್ತವೆ. ಸ್ವೀಡನ್ ಸರ್ಕಾರ 2024ರ ನವೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದ 13 ಗಾಳಿ ವಿದ್ಯುತ್ ಯೋಜನೆಗಳನ್ನು ರಕ್ಷಣಾ ಕಾರಣಕ್ಕೆ ತಿರಸ್ಕರಿಸಿತು; ರೇಡಾರ್‌ಗೆ ಆಗುವ ಅಡ್ಡಿಯೂ ಅದರಲ್ಲಿ ಒಂದು.

ಮನೆ, ಅಂಗಡಿಗೆ ಏನು ಪರಿಣಾಮ?

* ಮೊಬೈಲ್, ಸ್ವೈಪ್ ಮಷಿನ್: ಫೋನ್‌ಗೆ ನೇರ ತೊಂದರೆ ಬಹಳ ಕಡಿಮೆ. ಆದರೆ ಕೆಲವು ಟವರ್‌ಗಳು ಡೋಲಿನಂಥ ದುಂಡನೆಯ ಆ್ಯಂಟೆನಾ ಮೂಲಕ ಇನ್ನೊಂದು ಟವರ್‌ಗೆ ನೇರ ಗೆರೆಯಲ್ಲಿ ಸಂಪರ್ಕ ಹೊಂದಿರುತ್ತವೆ. ಆ ಗೆರೆಗೆ ಯಂತ್ರ ಅಡ್ಡ ಬಂದರೆ ಊರಿಗೆ ಊರೇ ನೆಟ್‌ವರ್ಕ್ ಕುಗ್ಗಬಹುದು, ಅಂಗಡಿಯ ಯುಪಿಐ ವ್ಯವಹಾರವೂ ನಿಲ್ಲಬಹುದು. ಫೈಬರ್ ಕೇಬಲ್ ಇರುವ ಟವರ್‌ಗೆ ಈ ಚಿಂತೆ ಇಲ್ಲ.
* ಡಿಶ್: ಡಿಡಿ ಫ್ರೀ ಡಿಶ್ ಉಪಗ್ರಹ ನಮ್ಮ ಭಾಗದಿಂದ ಆಗ್ನೇಯ ದಿಕ್ಕಿಗೆ, ಸುಮಾರು 60 ಡಿಗ್ರಿ ಎತ್ತರದಲ್ಲಿದೆ. 150 ಮೀಟರ್ ಎತ್ತರದ ಯಂತ್ರ ಅದಕ್ಕೆ ಅಡ್ಡ ಬರಬೇಕಾದರೆ ಅದೇ ದಿಕ್ಕಿನಲ್ಲಿ ಮನೆಯಿಂದ 80–90 ಮೀಟರ್ ಒಳಗೇ ಇರಬೇಕು.
* ರೇಡಿಯೋ: ಯಂತ್ರದ ವಿದ್ಯುತ್ ಉಪಕರಣದಲ್ಲಿ ದೋಷವಿದ್ದರೆ ತೀರಾ ಹತ್ತಿರದ ಮನೆಗಳಲ್ಲಿ ಧಾರವಾಡ ಆಕಾಶವಾಣಿಯಂಥ ಮೀಡಿಯಂ ವೇವ್ ಕೇಂದ್ರ ಹಚ್ಚಿದಾಗ ಗರಗರ ಸದ್ದು ಬರಬಹುದು.

ದೋಷ ಯಾರದು, ಪತ್ತೆ ಹೇಗೆ?

ಗಾಳಿ ಬಿದ್ದು ರೆಕ್ಕೆ ನಿಂತಾಗ ತೊಂದರೆ ಹೋಗಿ, ತಿರುಗಿದಾಗ ಮತ್ತೆ ಬರುತ್ತಿದ್ದರೆ ಯಂತ್ರದ ಮೇಲೆ ಅನುಮಾನ ಪಡಬಹುದು. ರೆಕ್ಕೆ ನಿಂತರೂ ತೊಂದರೆ ಹಾಗೇ ಇದ್ದರೆ ಮೊದಲು ಕೇಬಲ್, ಎಲ್‌ಎನ್‌ಬಿ ನೋಡಿಸಿ. ಆಮೇಲೆ ಕಂಬವೇ ಅಡ್ಡ ನಿಂತಿದೆಯೇ ನೋಡಿ. ದಿನ, ವೇಳೆ ಬರೆದಿಟ್ಟುಕೊಂಡರೆ ದೂರಿಗೆ ಬಲ. ಮೊಬೈಲ್ ಕಂಪನಿಗೆ ದೂರು ಕೊಡಲು 198ಕ್ಕೆ ಕರೆ ಮಾಡಿ, ದೂರಿನ ನಂಬರ್ ಪಡೆಯಿರಿ.

ಜಮೀನು ಲೀಸ್‌ಗೆ ಕೊಡುವ ಮುನ್ನ

ಸಾಂಬ್ರಾದಂಥ ವಿಮಾನ ನಿಲ್ದಾಣದ ಸುತ್ತ ಎತ್ತರದ ಕಟ್ಟಡ, ಯಂತ್ರ ನಿಲ್ಲಿಸಲು 2015ರ ಎತ್ತರ ನಿರ್ಬಂಧ ನಿಯಮದಂತೆ ನಿರಾಕ್ಷೇಪಣಾ ಪತ್ರ ಬೇಕು. ಸಹಿ ಮಾಡುವ ಮುಂಚೆ ರೈತರು ಕಂಪನಿಗೆ ಎರಡು ಮಾತು ಕೇಳಬೇಕು: ಆ ಪತ್ರ ಬೇಕಾಗುತ್ತದೆಯೇ, ಬೇಕಾದರೆ ಸಿಕ್ಕಿದೆಯೇ? ಟವರ್‌ನಿಂದ ಟವರ್‌ಗೆ ಹೋಗುವ ಗೆರೆಯನ್ನು ಪರಿಶೀಲಿಸಿದ್ದಾರೆಯೇ? ನೆಟ್‌ವರ್ಕ್ ಕೆಟ್ಟರೆ ಸರಿಪಡಿಸುವ ಖರ್ಚು ಕಂಪನಿಯದೇ ಎಂಬುದು ಕರಾರಿನಲ್ಲೇ ಇರಲಿ. ಕಂಬ ನಿಂತ ಮೇಲೆ ಅದನ್ನು ಸರಿಸೋದು ಆಗದ ಮಾತು; ನಕ್ಷೆಯಲ್ಲಿ ಇರುವಾಗ ಸ್ವಲ್ಪ ಸರಿಸಿದರೆ ಸಾಕು.