ಪಡಸಾಲೆಯಲ್ಲಿ ಹುಟ್ಟಿದ ಚರಿತ್ರೆ

ನಮ್ಮಪ್ಪ ತಮಟೆಯನ್ನು ಒಲೆಗೆ ಹಾಕಿದ್ದು ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ. ಮಾರಿಹಬ್ಬದಲ್ಲಿ ಇನ್ನು ಮುಂದೆ ತಮಟೆ ಬಡಿಯೋದಿಲ್ಲ ಅಂತ ಕೇರಿಯವರು ತೀರ್ಮಾನ ಮಾಡಿದ ವರ್ಷ ಅದು. ಚರ್ಮ ಸುಟ್ಟ ವಾಸನೆ ಎರಡು ದಿನ ಮನೆ ಬಿಟ್ಟು ಹೋಗಲಿಲ್ಲ. ಅವ್ವ ಮಾತ್ರ, ‘ಅದೇನು ಪಾಪ ಮಾಡಿತ್ತು’ ಅಂದಳು. ಆವತ್ತು ನನಗೆ ಅಪ್ಪನೇ ಸರಿ ಅನ್ನಿಸಿತ್ತು. ಅವ್ವನ ಮಾತು ನನ್ನ ಕಿವಿಗೆ ಬಿದ್ದದ್ದು ಬಹಳ ವರ್ಷಗಳ ಮೇಲೆ, ಅದೂ ಶಿಕಾಗೋ ನಗರದ ದಕ್ಷಿಣ ಭಾಗದ ಡುಸಾಬಲ್ ಮ್ಯೂಸಿಯಮ್ಮಿನಲ್ಲಿ.

ಈ ಮ್ಯೂಸಿಯಂ ಹುಟ್ಟಿದ್ದು ಸರ್ಕಾರದ ಆದೇಶದಿಂದಲ್ಲ. ಮಾರ್ಗರೆಟ್ ಬರೋಸ್ ಅನ್ನೋ ಸ್ಕೂಲ್ ಟೀಚರು, ಚಿತ್ರ ಬರೆಯೋ ಹೆಂಗಸು, 1961ರಲ್ಲಿ ಗಂಡ ಚಾರ್ಲ್ಸ್ ಜೊತೆ ಸೇರಿ ತಮ್ಮ ಮನೆಯ ಪಡಸಾಲೆಯಲ್ಲೇ ಇದನ್ನು ಶುರು ಮಾಡಿದರು. ರೈಲ್ವೆಯಲ್ಲಿ ದುಡಿಯುವ ಕಪ್ಪು ಜನ ಉಳಿದುಕೊಳ್ಳುತ್ತಿದ್ದ ಮನೆ ಅದು. ಮುಂದೆ 1973ರಲ್ಲಿ ವಾಷಿಂಗ್ಟನ್ ಪಾರ್ಕಿನ ಹಳೆಯ ಆಡಳಿತ ಕಟ್ಟಡ ಮ್ಯೂಸಿಯಮ್ಮಿಗೆ ಸಿಕ್ಕಿತು. ಅದರೊಳಗೆ ಹಿಂದೆ ಪೊಲೀಸ್ ಲಾಕಪ್ಪೂ ಇತ್ತಂತೆ. ಯಾರನ್ನು ಕೂಡಿಹಾಕಲು ಲಾಕಪ್ ಬಳಕೆಯಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನಲ್ಲೇ ಒಂದು ಜಗಳವಿದೆ. ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡುಸಾಬಲ್ ಎಂಬ ಕಪ್ಪು ವ್ಯಾಪಾರಿ 1780ರ ದಶಕದಲ್ಲೇ ಶಿಕಾಗೋ ನದಿಯ ದಡದಲ್ಲಿ ಮನೆ ಕಟ್ಟಿ, ಬೇಸಾಯ ಮಾಡಿ, ವ್ಯಾಪಾರ ನಡೆಸಿದ್ದ. 1800ರಲ್ಲಿ ಅದನ್ನು ಮಾರಿ ಹೊರಟುಹೋದ. ಆಮೇಲೆ ಬಂದು ಅದೇ ಆಸ್ತಿ ಹಿಡಿದ ಜಾನ್ ಕಿನ್‌ಝಿ ಎಂಬ ಬಿಳಿಯನೇ ಊರಿನ ಮೂಲಪುರುಷ ಅಂತ ಬಹುಕಾಲ ಪಾಠ ಹೇಳಿದರು. ಕಟ್ಟಿದವನು ಒಬ್ಬ, ಊರಿನ ಅಪ್ಪ ಇನ್ನೊಬ್ಬ! ಕೆರೆ ತೋಡಿದವರ ಹೆಸರು ಬಿಟ್ಟು ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಲ್ಲಿ ಕೊರೆದ ನಾಡಿನವರಿಗೆ ಇದು ಹೊಸ ವಿದ್ಯೆಯೇನಲ್ಲ. 2021ರಲ್ಲಿ ಅಲ್ಲಿನ ಸರೋವರದ ದಡದ ದೊಡ್ಡ ರಸ್ತೆಗೆ ಡುಸಾಬಲ್‌ನ ಹೆಸರು ಸೇರಿತು. ಪಡಸಾಲೆಯವರು ಮಾತ್ರ 1968ರಲ್ಲೇ ಆ ಹೆಸರಿಟ್ಟುಕೊಂಡಿದ್ದರು.

ಇದೇ ಶಿಕಾಗೋದ ಹದಿನಾಲ್ಕು ವರ್ಷದ ಹುಡುಗ ಎಮೆಟ್ ಟಿಲ್‌ನನ್ನು 1955ರ ಆಗಸ್ಟಿನಲ್ಲಿ ಮಿಸಿಸಿಪ್ಪಿಯಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದು ನದಿಗೆ ಎಸೆದರು. ಹೆಣ ಊರಿಗೆ ಬಂದಾಗ ಅವನ ತಾಯಿ ಮೇಮಿ ಶವಪೆಟ್ಟಿಗೆಯನ್ನು ಮುಚ್ಚಗೊಡಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆ ಅನ್ನೋದನ್ನ ಲೋಕ ನೋಡಲಿ ಎಂಬುದು ಆಕೆಯ ಹಟ. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ‘ಜೆಟ್’ ಪತ್ರಿಕೆ ಫೋಟೋ ಅಚ್ಚು ಹಾಕಿತು. ಬಿಳಿಯರೇ ತುಂಬಿದ್ದ ಜ್ಯೂರಿ ಒಂದು ಗಂಟೆಯ ಆಸುಪಾಸಿನಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಮರುವರ್ಷ ಅವರೇ ಒಂದು ಪತ್ರಿಕೆಗೆ ಕೊಂದದ್ದು ನಾವೇ ಅಂದರು. ಆ ಶವಪೆಟ್ಟಿಗೆ ಇವತ್ತು ವಾಷಿಂಗ್ಟನ್ನಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಧರಣಿ ಮಾಡಿದೆವು, ಪದ್ಯ ಬರೆದೆವು. ಆದರೆ ಆ ಮನೆಗಳ ಒಂದು ಸುಟ್ಟ ತೊಲೆಯನ್ನಾದರೂ ಎತ್ತಿಟ್ಟುಕೊಂಡೆವಾ?

ಅಮೆರಿಕದ ಗುಲಾಮಗಿರಿಯನ್ನೂ ನಮ್ಮ ಅಸ್ಪೃಶ್ಯತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಚಪಲ ನನಗಿಲ್ಲ. ಗುಲಾಮನ ಕಾಲಿಗೆ ಕಬ್ಬಿಣದ ಸಂಕೋಲೆ ಇತ್ತು, ಅವನನ್ನು ಮಾರಿದ ಪತ್ರವಿತ್ತು. ಅವನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ನಮ್ಮ ಜೀತಕ್ಕೂ ಪತ್ರವಿತ್ತು, ಅದು ಧಣಿಯ ಪೆಟ್ಟಿಗೆಯಲ್ಲಿತ್ತು. ಆದರೆ ಅಸ್ಪೃಶ್ಯತೆಯ ಮುಖ್ಯ ಆಯುಧ ವಸ್ತುವಲ್ಲ, ದೂರ. ಬಾವಿಯಿಂದ ಇಷ್ಟು ದೂರ, ಜಗಲಿಯಿಂದ ಇಷ್ಟು ದೂರ, ಮೇಲಿನಿಂದ ಬೊಗಸೆಗೆ ನೀರು ಹುಯ್ಯುವ ಕೈಯಿಂದ ಇಷ್ಟು ದೂರ. ಈ ದೂರವನ್ನು ಯಾವ ಗಾಜಿನೊಳಗೆ ಇಡೋದು? ಹೋಟೆಲಿನ ಹೊರಗೆ ಸಿಕ್ಕಿಸಿದ್ದ ಬೇರೆ ಲೋಟ, ಟೀ ಹುಯ್ಯುತ್ತಿದ್ದ ತೆಂಗಿನ ಚಿಪ್ಪು, ಇಷ್ಟೇ ಅದರ ಸಾಕ್ಷಿ. ಅವಮಾನ ತಾಳದೆ ಅವನ್ನೂ ನಾವೇ ಒಡೆದು ಬಿಸಾಕಿದ್ದೇವೆ.

ಅಲ್ಲಿ ಸಂಕೋಲೆ ನಾಚಿಕೆಯ ವಸ್ತುವಾಗಿ ಉಳಿದಿಲ್ಲ. ನಾಚಿಕೆ ಸಂಕೋಲೆ ಹಾಕಿದವನ ಕಡೆಗೆ ಹೊರಳಿದೆ. ದಲಿತ ವಿಮರ್ಶೆಗೆ ನನ್ನ ಲೆಕ್ಕದಲ್ಲಿ ಇದೇ ಮೊದಲ ಕೆಲಸ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್‌ರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಬರೀ ಮರುಕಕ್ಕಾಗಿ ಅಲ್ಲ, ದಾಖಲೆಗಾಗಿ. ನಾವು ಕಾವ್ಯಮೀಮಾಂಸೆಯ ಜೊತೆ ಜಗಳವಾಡಿದಷ್ಟು ಹೊತ್ತನ್ನು ದಾಖಲೆಗೆ ಕೊಡಲಿಲ್ಲ.

ಅಪ್ಪ ತಮಟೆ ಸುಟ್ಟದ್ದು ತಪ್ಪು ಅನ್ನಲು ಇವತ್ತಿಗೂ ನನಗೆ ಬಾಯಿಲ್ಲ. ಅದೇ ತಮಟೆಯನ್ನು ಹೋರಾಟದ ಹಾಡಿಗೆ ಬಡಿದವರೂ ನಮ್ಮವರೇ. ಊರಿಗೆ ಬಂದಮೇಲೆ ಅವ್ವನ್ನ ಕೇಳಿದೆ, ‘ತಮಟೆಯ ಕಬ್ಬಿಣದ ಬಳೆ ಬೆಂಕಿಗೆ ಬೇಯೋದಿಲ್ಲವಲ್ಲ, ಅದೆಲ್ಲಿ?’

‘ಹಿತ್ತಲಲ್ಲಿ ಬಿದ್ದಿತ್ತು ಕಣಪ್ಪ. ಹೋದ ವರ್ಷ ಗುಜರಿಯವನಿಗೆ ಹಾಕ್ದೆ. ನೀನು ಕೇಳ್ತೀಯ ಅಂತ ಯಾರಿಗೆ ಗೊತ್ತಿತ್ತು?’

ನಿಮ್ಮ ಮನೆಯ ಅಟ್ಟದಲ್ಲಿ, ಹಿತ್ತಲಲ್ಲಿ ಏನಿದೆ ಅಂತ ಗುಜರಿಯವನು ಬರೋದಕ್ಕೆ ಮುಂಚೆ ಒಂದು ಸಲ ಕೇಳಿನೋಡಿ.