ಹನ್ನೊಂದು ಟೇಕು, ಒಂದು ಹಾಡು

ಹಿಂದೊಮ್ಮೆ ಬಾಗಲಕೋಟೆಗೆ ಹೋದಾಗ ನವನಗರದ ಒಂದು ಮನೆಯ ಮಹಡಿ ಮೇಲೆ ಎರಡು ತಾಸು ಕೂತಿದ್ದೆ. ಹೊರಗಿನಿಂದ ನೋಡಿದರೆ ಬಾಡಿಗೆ ಕೋಣೆ. ಒಳಗೆ ಗೋಡೆಗೆ ಫೋಮು, ಒಂದು ಮೈಕು, ಒಂದು ಕಂಪ್ಯೂಟರು. ಅಷ್ಟೇ ಸ್ಟುಡಿಯೋ. ನಮ್ಮ ಮೊಬೈಲಿಗೆ ದಿನಾ ಬರುವ ಉತ್ತರ ಕರ್ನಾಟಕದ ಜಾನಪದ ಹಾಡುಗಳು ಹೆಚ್ಚಾಗಿ ಇಂಥ ಕೋಣೆಗಳಲ್ಲೇ ಹುಟ್ಟುತ್ತವೆ.

ಅವತ್ತು ಮೈಕಿನ ಮುಂದಿದ್ದವರು ಅರವತ್ತು ದಾಟಿದ ಗೀಗೀ ಹಾಡುಗಾರರು. ಕಂಪ್ಯೂಟರಿನ ಮುಂದೆ ಇಪ್ಪತ್ತರ ಹುಡುಗ. "ಕಾಕಾ, ಇದೊಂದ ಸಾಲು ಮತ್ತೊಮ್ಮೆ ಹಾಡ್ರಿ" ಅಂತ ಹುಡುಗ ಹೇಳೋದು, ಕಾಕಾ ಹಾಡೋದು. ಹನ್ನೊಂದು ಸಲ ಆಯ್ತು. ಕೊನೆಗೆ ಕಾಕಾ ಹೆಡ್‌ಫೋನ್ ತೆಗೆದಿಟ್ಟು ನನ್ನ ಕಡೆ ತಿರುಗಿದರು. "ಸರ, ನನಗ ರಾತ್ರಿ ಬೆಳತನಾ ಹಾಡಾಕ ಬರ್ತೈತಿ. ಹಿಂಗ ತುಂಡ ತುಂಡ ಹಾಡಾಕ ಬರಂಗಿಲ್ಲ."

ಈ ಮಾತಿನ ಹಿಂದೆ ನೂರಿಪ್ಪತ್ತು ವರ್ಷದ ಕಥೆ ಇದೆ.

1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕು ಇರಲಿಲ್ಲ. ಒಂದು ದೊಡ್ಡ ಕೊಂಬಿನೊಳಗೆ ಹಾಡಬೇಕು, ಅದರ ಕಂಪನ ಮೇಣದ ತಟ್ಟೆಯ ಮೇಲೆ ಗೀರಾಗಬೇಕು. ಕಾಲಾವಕಾಶ ಸುಮಾರು 3 ನಿಮಿಷ. ತಪ್ಪಿದರೆ ಹೊಸ ಮೇಣ, ಮೊದಲಿನಿಂದ ಹಾಡು. ಹೇಗೆ ಬಂದಿದೆ ನೋಡೋಣ ಅಂತ ಮೇಣವನ್ನು ನುಡಿಸಿದರೆ ಅದೇ ಹಾಳಾಗುತ್ತಿತ್ತು! ಅಂದರೆ ಹಾಡಿದವರಿಗೆ ತಮ್ಮ ಹಾಡು ಕೇಳುವ ಭಾಗ್ಯವೂ ಆ ಹೊತ್ತಿಗೆ ಇಲ್ಲ.

ನವನಗರದಿಂದ ತಾಸಿನೊಳಗೆ ಬೀಳಗಿ ಮುಟ್ಟಬಹುದು. ಅಮೀರಬಾಯಿ ಕರ್ನಾಟಕಿ ಆ ಊರಿನವರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು, ಅಮೀರಬಾಯಿ ಮುಂಬಯಿಯ ಸಿನಿಮಾದಲ್ಲಿ ಹೆಸರು ಮಾಡಿದರು. 1943ರ 'ಕಿಸ್ಮತ್' ಕಲ್ಕತ್ತಾದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತಲ್ಲ, ಅದರ ದನಿಗಳಲ್ಲಿ ನಮ್ಮ ಬೀಳಗಿಯ ದನಿಯೂ ಒಂದು. ಆಗ ಕೊಂಬು ಹೋಗಿ ಮೈಕು ಬಂದಿತ್ತು. ಆದರೆ ವಾದ್ಯ, ಗಾಯಕಿ, ಕೋರಸ್ ಎಲ್ಲ ಒಟ್ಟಿಗೇ ನಡೆಯಬೇಕು. ತಬಲಾದವನು ತಪ್ಪಿದರೂ ಗಾಯಕಿ ಮತ್ತೆ ಹಾಡಬೇಕು.

ಇದನ್ನು ಕೇಳಿದ ಕೂಡಲೇ ಕೆಲವರು "ಅದು ಸಾರ್ ನಿಜವಾದ ಗಾಯನ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ಉಸಿರಿಗೆ ಹಾಡಿದ್ದು ಅವರ ವ್ರತವಲ್ಲ, ಬೇರೆ ದಾರಿ ಇರಲಿಲ್ಲ. ದಾರಿ ತೆರೆದದ್ದು ಜರ್ಮನಿಯ ಕಾಂತೀಯ ಟೇಪು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಅಮೆರಿಕ ಸೇರಿತು, ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ಶುರುವಾಯಿತು. ದೊಡ್ಡ ದೊಡ್ಡವರೇ ಕತ್ತರಿಸಿದರು. ಪಿಯಾನೋ ವಾದಕ ಗ್ಲೆನ್ ಗೌಲ್ಡ್, ಬಾಖ್‌ನ ಒಂದು ರಚನೆಯ 6 ಮತ್ತು 8ನೇ ಟೇಕುಗಳನ್ನು ಕೂಡಿಸಿದ್ದನ್ನು 1966ರಲ್ಲಿ ತಾನೇ ಬರೆದು ಹೇಳಿದ. ಒಂದೊಂದೇ ಕೇಳಿದರೆ ಎರಡೂ ಬೇಸರ, ಕೂಡಿಸಿದರೆ ಸೊಗಸು ಎಂಬುದು ಅವನ ವಾದ. ಅದೇ ವರ್ಷ ಬೀಟಲ್ಸ್ ತಂಡದವರು ವೇಗವೂ ಶ್ರುತಿಯೂ ಬೇರೆಯಿದ್ದ ಎರಡು ಟೇಕುಗಳನ್ನು ಒಂದು ಹಾಡಾಗಿ ಹೊಲಿದರು.

ನಮ್ಮಲ್ಲಿ? ಶಂಕರ್ ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟುವವರೆಗೂ ಕನ್ನಡ ಸಿನಿಮಾದ ಹಾಡಿಗೆ ಬಹುತೇಕ ಮದ್ರಾಸೇ ಗತಿ. ಹಲವು ಟ್ರ್ಯಾಕಿನ ಟೇಪು ಬಂದ ಮೇಲೆ ತಪ್ಪಿದ ಸಾಲಷ್ಟನ್ನೇ ಮತ್ತೆ ಹಾಡಿಸಬಹುದಾಯಿತು. ಆದರೆ ಅದೇ ಟ್ರ್ಯಾಕಿನಲ್ಲಿ ಹೊಸ ಸಾಲು ಕೂತರೆ ಹಳೆಯದು ಅಳಿಸಿಹೋಗುತ್ತಿತ್ತು. ಹಾಗಾಗಿ ಇದು ಸಾಕೋ ಬೇಡವೋ ಎಂಬ ತೀರ್ಮಾನ ಅಲ್ಲೇ, ಗಾಯಕರ ಎದುರಿಗೇ ಆಗಬೇಕಿತ್ತು.

ಕಂಪ್ಯೂಟರು ಬದಲಿಸಿದ್ದು ಇದನ್ನೇ. 1991ರಲ್ಲಿ ಪ್ರೋ ಟೂಲ್ಸ್ ಬಂತು. 2007ರ ಲಾಜಿಕ್ 8ರಲ್ಲಿ ಟೇಕುಗಳನ್ನು ಒಂದರ ಕೆಳಗೊಂದು ಸಾಲಾಗಿಟ್ಟು, ಬೇಕಾದ ತುಂಡಿನ ಮೇಲೆ ಮೌಸ್ ಎಳೆದರೆ ಸಾಕು ಅನ್ನುವಂತಾಯಿತು. ನವನಗರದ ಹುಡುಗ ಮಾಡುತ್ತಿದ್ದದ್ದೂ ಅದನ್ನೇ. ಮೂರನೇ ಟೇಕಿನಿಂದ ಮೊದಲ ಪದ, ಒಂಬತ್ತನೆಯದರಿಂದ ಉಳಿದದ್ದು. ಎಲ್ಲಿ ಕತ್ತರಿಸ್ತೀಯಪ್ಪಾ ಅಂದೆ. "ಕ್ಕ, ತ್ತ, ಪ್ಪ ಬಂದಲ್ಲಿ ಸರ. ಅಲ್ಲಿ ದನಿ ಒಂದ ಕ್ಷಣ ನಿಂತಿರ್ತೈತಿ, ಗೊತ್ತಾಗಂಗಿಲ್ಲ" ಅಂದ. ಎಳೆದು ಹಾಡುವ 'ಆ'ಕಾರದ ನಡುವೆ ಕತ್ತರಿಸಿದರೆ ಎರಡು ಟೇಕಿನ ದನಿಯ ಬಣ್ಣ ಹೊಂದುವುದಿಲ್ಲವಂತೆ. ಉಸಿರಿನ ಜಾಗವೂ ಜೋಪಾನ. ತಪ್ಪಿದರೆ ಒಬ್ಬನೇ ಎರಡು ಸಲ ಉಸಿರೆಳೆದಂತೆ ಕೇಳುತ್ತದೆ. ಹುಡುಗನ ಕಿವಿಗೆ ಭೇಷ್ ಅನ್ನಲೇಬೇಕು.

ಈಗ ಯಾವುದೂ ಅಳಿಯುವುದಿಲ್ಲ, ಹನ್ನೊಂದೂ ಇರುತ್ತವೆ. ಹಾಗಾಗಿ ಆರಿಸುವ ಕೆಲಸ ನಾಳೆಗೆ ಹೋಗುತ್ತದೆ. ಆ ಹೊತ್ತಿಗೆ ಕಾಕಾ ಬಸ್ಸು ಹತ್ತಿ ಊರು ಸೇರಿರುತ್ತಾರೆ.

ನನಗೆ ಇದು ಚುಚ್ಚುವುದಕ್ಕೆ ಕಾರಣ ಇದೆ. ನಾನು ಹೊಸದಾಗಿ ವರದಿಗಾರನಾಗಿದ್ದಾಗ ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡ ಒಬ್ಬ ರೈತರನ್ನು ಮಾತಾಡಿಸಿದ್ದೆ. "ಪರಿಹಾರ ಬಂತ್ರಿ" ಅಂತ ಶುರು ಮಾಡಿ, ಹೊಲ, ಮನೆದೇವರ ಗುಡಿ, ಹಿರಿಯರ ಗೋರಿ ಎಲ್ಲ ನೀರಾಗ ಹೋದದ್ದು ಹೇಳಿ, "ಈಗ ಮನಿ ಕಟ್ಟೀವಿ" ಅಂತ ಮುಗಿಸಿದ್ದರು. ಬುಲೆಟಿನ್‌ನಲ್ಲಿ ನನಗಿದ್ದದ್ದು 10 ಸೆಕೆಂಡು. ನಡುವಿನದು ಕತ್ತರಿಸಿದೆ. ಪರಿಹಾರ ಬಂತ್ರಿ, ಈಗ ಮನಿ ಕಟ್ಟೀವಿ. ಜೋಡಣೆ ಎಷ್ಟು ಚೊಕ್ಕ ಇತ್ತೆಂದರೆ ಡೆಸ್ಕಿನವರು ಬೆನ್ನು ತಟ್ಟಿದರು. ಮರುದಿನ ಫೋನು ಬಂತು. "ಸಾಹೇಬ್ರ, ದನಿ ನಂದ ಐತಿ. ಮಾತು ನಂದಲ್ಲ." ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಹಾಡು ಬೇರೆ, ಸಾಕ್ಷಿ ಬೇರೆ, ನಿಜ. ಹಾಡನ್ನು ಜೋಡಿಸಿದರೆ ಅದು ಸುಳ್ಳಾಗುವುದಿಲ್ಲ. ಆದರೆ ದನಿ ಕೊಟ್ಟವರು ಆರಿಸುವಾಗ ಪಕ್ಕದಲ್ಲಿ ಇರಬೇಡವೇ?

ಹುಡುಗನಿಗೆ ಅಷ್ಟೇ ಕೇಳಿದೆ. ಅವನಿಗೆ ಬೇಸರವಾಗಲಿಲ್ಲ. "ಕಾಕಾ, ಬರ್ರಿ ಇಲ್ಲೆ ಕುಂದರ್ರಿ" ಅಂತ ಕುರ್ಚಿ ಎಳೆದು ಹನ್ನೊಂದನ್ನೂ ಕೇಳಿಸಿದ. ಕಾಕಾ ಕಣ್ಣು ಮುಚ್ಚಿ ಕೇಳಿದರು. ಹುಡುಗ ಮೆಚ್ಚಿದ್ದು ಒಂಬತ್ತನೆಯದು, ಶ್ರುತಿ ಶುದ್ಧ. ಕಾಕಾ ನಾಲ್ಕನೆಯದಕ್ಕೆ ಕೈ ಎತ್ತಿದರು. ಅದರಲ್ಲಿ ಕೊನೆಗೆ ದನಿ ಸ್ವಲ್ಪ ಒಡೆದಿತ್ತು.

"ಇದ ಇರ್ಲಿ ತಮ್ಮಾ. ಇಲ್ಲಿ ಹಿಮ್ಮೇಳದವ್ರು ಎತ್ಕೋಬೇಕು. ನಾ ದನಿ ಬಿಟ್ಟಲ್ಲೇ ಅವ್ರು ಹಿಡೀತಾರ. ಪೂರಾ ಹಾಡಿಬಿಟ್ರ ಅವ್ರೇನ ಹಾಡ್ಬೇಕು?"

ಕೋಣೆಯಲ್ಲಿ ಹಿಮ್ಮೇಳದವರೇ ಇರಲಿಲ್ಲ. ದಪ್ಪು, ತುಂತುಣಿ ಎಲ್ಲ ಕಂಪ್ಯೂಟರಿನೊಳಗೇ ಇತ್ತು. ಹುಡುಗ ಒಂದು ನಿಮಿಷ ಸುಮ್ಮನೆ ಕೂತ. ಆಮೇಲೆ ಕೇಳಿದ: "ಮುಂದಿನ ಐತಾರ ಅವ್ರನ್ನೂ ಕರ್ಕೊಂಡ ಬರಾಕ ಆಗ್ತೈತೇನ್ರಿ ಕಾಕಾ?"