ಸಯನ್: ಸೈಕಲ್ಲಿಗೆ ಉಳಿದ ಹೆಬ್ಬಾಗಿಲು

ಮುಂಬೈಯಿಂದ ಹೊರಬೀಳಲು ಕಾರಿನವರಿಗೆ ಈಗ ದಾರಿಗಳ ಬರವಿಲ್ಲ. 2009ರಲ್ಲಿ ಬಾಂದ್ರಾ–ವರ್ಲಿ ಸಮುದ್ರ ಸೇತುವೆ ಬಂತು. 2024ರ ಜನವರಿಯಲ್ಲಿ ಶಿವಡಿಯಿಂದ ನ್ಹಾವಾ ಶೇವಾಕ್ಕೆ 21.8 ಕಿ.ಮೀ. ಉದ್ದದ ಅಟಲ್ ಸೇತು, ಅದೇ ಮಾರ್ಚ್‌ನಲ್ಲಿ ಕೋಸ್ಟಲ್ ರೋಡ್. ಮೂರಕ್ಕೂ ಸೈಕಲ್ ಹತ್ತುವಂತಿಲ್ಲ. ಹಾಗಾಗಿ ಸೈಕಲ್ ತುಳಿಯುವವರ ಮುಂಬೈ ಇನ್ನೂ ಹತ್ತೊಂಬತ್ತನೆಯ ಶತಮಾನದ್ದೇ. ಬಾಂದ್ರಾ ಕಡೆಗೆ ಮಾಹಿಮ್ ದಾಟಬೇಕು, ಠಾಣೆ, ಚೆಂಬೂರು, ವಾಶಿ ಕಡೆಗಾದರೆ ಸಯನ್ ದಾಟಬೇಕು.

ಈ ಊರು ಹುಟ್ಟಿದ್ದೇ ಗಡಿಯಲ್ಲಿ. ಮರಾಠಿಯವರು ಇಂದಿಗೂ ಶೀವ್ ಎಂದೇ ಕರೆಯುತ್ತಾರೆ, ಸೀಮೆ ಎಂದೇ ಅರ್ಥ. ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಮುಂಬೈ ಬಂದದ್ದು 1668ರಲ್ಲಿ. ತೊರೆಯ ಆಚೆಗಿನ ಸಾಷ್ಟಿ ದ್ವೀಪ ಮಾತ್ರ ಪೋರ್ಚುಗೀಸರದ್ದಾಗಿಯೇ ಉಳಿಯಿತು. ಆಚೆ ದಡದ ಮೇಲೆ ಕಣ್ಣಿಡಲು ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ, 1669ರಿಂದ 1677ರ ನಡುವೆ, ಇಲ್ಲಿನ ಗುಡ್ಡದ ನೆತ್ತಿಯಲ್ಲಿ ಕೋಟೆ ಕಟ್ಟಿದರು. 1737ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೇನೆ ಪೋರ್ಚುಗೀಸರಿಂದ ಠಾಣೆಯನ್ನು ಕಿತ್ತುಕೊಂಡಿತು. ಮಿಠಿ ನದಿಯ ದಂಡೆಯ ರೀವಾ ಕೋಟೆಯ ಶಿಲಾಫಲಕದಲ್ಲಿರುವುದೂ ಅದೇ 1737, ಕಟ್ಟಿಸಿದವನು ಗವರ್ನರ್ ಜಾನ್ ಹಾರ್ನ್. ಇಂಗ್ಲಿಷರ ಎದೆ ಎಷ್ಟು ಹೊಡೆದುಕೊಂಡಿತ್ತೆಂದು ಊಹಿಸಲು ಈ ಒಂದು ಇಸವಿ ಸಾಕು. ಆ ಕೋಟೆ ಈಗ ಧಾರಾವಿಯ ಮನೆಗಳ ಸಂದಿಯಲ್ಲಿದೆ. ಅಲ್ಲಿಯವರಿಗೆ ಅದು ಕಾಲಾ ಕಿಲ್ಲಾ.

1774ರಲ್ಲಿ ಸಾಷ್ಟಿಯೂ ಕಂಪನಿಯ ವಶವಾಯಿತು, ಕಾಯುವುದಕ್ಕೆ ಗಡಿಯೇ ಇಲ್ಲವಾಯಿತು. ಆಮೇಲಷ್ಟೇ ರಸ್ತೆಯ ಯೋಚನೆ. ಗವರ್ನರ್ ಜೊನಾಥನ್ ಡಂಕನ್ 1798ರಲ್ಲಿ ಆರಂಭಿಸಿ 1805ಕ್ಕೆ ಸಯನ್–ಕುರ್ಲಾ ನಡುವಿನ ತೊರೆಗೆ ಕಲ್ಲು ಮಣ್ಣು ತುಂಬಿಸಿ ಕಾಸ್‌ವೇ ಮಾಡಿಸಿದ. ಮಾಹಿಮ್‌ನದು ಇದಕ್ಕೆ ನಾಲ್ಕು ದಶಕ ಕಿರಿಯದು. 1923ರ ಅಕ್ಟೋಬರ್‌ನಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತಮ್ ಭುಮ್‌ಗರಾ ಮೊದಲಾದ ಪಾರ್ಸಿ ತರುಣರು ಸೈಕಲ್ ಏರಿ ಜಗತ್ತು ಸುತ್ತಲು ಹೊರಟರಲ್ಲ, ಅವರಿಗೂ ದ್ವೀಪ ಬಿಡಲು ಇದ್ದದ್ದು ಈ ಎರಡೇ ಬಾಗಿಲು. ಈ ಮೂವರು ಸುತ್ತು ಮುಗಿಸಿ ಊರು ಸೇರಿದ್ದು 1928ರಲ್ಲಿ.

ಇವತ್ತಿನ ಸಯನ್ ಸರ್ಕಲ್ಲಿಗೆ ಕಾಗದದಲ್ಲಿ ರಾಣಿ ಲಕ್ಷ್ಮೀಬಾಯಿ ಚೌಕ ಎಂದು ಹೆಸರು. ದಕ್ಷಿಣದಿಂದ ಬರುವ ಅಂಬೇಡ್ಕರ್ ರಸ್ತೆ ಈ ಭಾಗದಲ್ಲೇ ಕವಲೊಡೆಯುತ್ತದೆ. ಒಂದು ಎಲ್‌ಬಿಎಸ್ ಮಾರ್ಗ, ಇನ್ನೊಂದು ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ಮತ್ತೊಂದು ಚೆಂಬೂರಿಗೆ ಸಾಗುವ ಸಯನ್–ಟ್ರಾಂಬೆ ರಸ್ತೆ. ಸೂರ್ಯ ಮೂಡುವ ಮೊದಲು ಬಂದು ನಿಂತರೆ ಇಲ್ಲಿ ಎರಡು ಜಾತಿಯ ಸೈಕಲ್ಲುಗಳು ಕಾಣುತ್ತವೆ. ಹೆಲ್ಮೆಟ್ಟು, ಮಿನುಗುವ ಕೆಂಪು ದೀಪ, ತೆಳ್ಳನೆಯ ಟಯರಿನ ಹವ್ಯಾಸಿಗಳು ಒಂದು ಕಡೆ. ಇನ್ನೊಂದು ಕಡೆ ಧಾರಾವಿಯಿಂದ ಹೊರಟ ಇಡ್ಲಿಯ ಅಣ್ಣಂದಿರು. ಕಪ್ಪು ಬಣ್ಣದ ಭಾರದ ಸೈಕಲ್, ಕ್ಯಾರಿಯರಿಗೆ ಹಗ್ಗದಿಂದ ಬಿಗಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡ್ಲಿ, ಮೆದುವಡೆ, ಹ್ಯಾಂಡಲಿಗೆ ನೇತುಬಿದ್ದ ಚಟ್ನಿ ಡಬ್ಬ, ಕೈಯಳತೆಯಲ್ಲಿ ರಬ್ಬರ್ ಹಾರ್ನು. ಏರು ಬಂದರೆ ಇವರು ಇಳಿದು ತಳ್ಳುತ್ತಾರೆ. ತುಳಿಯುವ ಶಕ್ತಿ ಇಲ್ಲದೆಯಲ್ಲ, ಎದ್ದು ನಿಂತು ತುಳಿದರೆ ಸೈಕಲ್ ಓಲಾಡಿ ಚಟ್ನಿ ತುಳುಕುತ್ತದೆ. ಹೊಂಡ ಎಲ್ಲಿದೆ, ಯಾವ ಸಿಗ್ನಲ್ ಎಷ್ಟು ಹೊತ್ತು ಎಂದು ಈ ಅಣ್ಣಂದಿರನ್ನು ಕೇಳಬೇಕು. ಫೋನಿನ ನಕ್ಷೆಗೆ ಅದು ಗೊತ್ತಿಲ್ಲ.

ಎಲ್‌ಬಿಎಸ್ ಮಾರ್ಗ ಎಂದರೆ ಹಳೆಯ ಆಗ್ರಾ ರೋಡು. ಸಯನ್‌ನಿಂದ ಕುರ್ಲಾ, ಘಾಟ್ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್ ದಾಟಿ ಠಾಣೆಗೆ ಸುಮಾರು 20 ಕಿ.ಮೀ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲೂ ಸಯನ್ ಮೇಲೆಯೇ ಹಾದು ಇದೇ ದಿಕ್ಕು ಹಿಡಿದಿತ್ತು. ಸವಾರಿಯ ಸುಖ ಬೇಕೆನ್ನುವವರಿಗೆ ಈ ರಸ್ತೆ ಹೇಳಿಸಿದ್ದಲ್ಲ. ಘಾಟ್ಕೋಪರಿನಿಂದ ಮುಂದೆ ಮೆಟ್ರೊ ಕಂಬಗಳು, ಕುರ್ಲಾದಲ್ಲಿ ರಸ್ತೆಗೇ ಹರಡಿಕೊಂಡ ಗ್ಯಾರೇಜುಗಳು. ಆದರೂ ಸಮಾನಾಂತರವಾಗಿ ಓಡುವ ಎಕ್ಸ್‌ಪ್ರೆಸ್ ಹೆದ್ದಾರಿಗಿಂತ ನನಗೆ ಇದೇ ವಾಸಿ. ಇಲ್ಲಿ ಲಾರಿಗೆ ವೇಗ ಹಿಡಿಯಲು ಜಾಗವಿಲ್ಲ, ಪಂಕ್ಚರ್ ಆದರೆ ಅಂಗಡಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಹವ್ಯಾಸಿಗಳ ಒಲವು ವಾಶಿ ಕಡೆಗೆ. ಚೆಂಬೂರು, ದೇವನಾರ್, ಮಾನ್‌ಖುರ್ದ್ ಮಾರ್ಗವಾಗಿ ಠಾಣೆ ಖಾರಿಯ ಸೇತುವೆ ದಾಟಿದರೆ ನವಿ ಮುಂಬೈ. ಇಲ್ಲಿ ಮೊದಲ ಸೇತುವೆ 1973ರದ್ದು, ಎರಡನೆಯದು 1997ರದ್ದು. ದೇವನಾರಿನ ಕಸದ ಗುಡ್ಡದ ವಾಸನೆ ಗಾಳಿ ಬೀಸಿದ ದಿಕ್ಕಿನಂತೆ ಜೊತೆಗೂಡುತ್ತದೆ, ಅಷ್ಟು ಸಹಿಸಬೇಕು. ಸೇತುವೆಯ ಮೇಲೆ ಬಂದಾಗ ಎರಡೂ ಬದಿ ನೀರು, ಕಾಂಡ್ಲಾ ಕಾಡು, ಎದುರುಗಾಳಿ. ಆಚೆ ಪಾಮ್ ಬೀಚ್ ರಸ್ತೆ ನೇರವಾಗಿ ಬೇಲಾಪುರದವರೆಗೆ ಬಿಡುತ್ತದೆ. ಚಳಿಗಾಲದಿಂದ ಮೇ ತನಕ ಈ ಖಾರಿಯಲ್ಲಿ ರಾಜಹಂಸಗಳು. ಅಷ್ಟು ದೂರ ಹೋಗಲಾರದವರು ಆಂಟಾಪ್ ಹಿಲ್, ವಡಾಲ ಮಾರ್ಗವಾಗಿ ಶಿವಡಿಯ ಕೆಸರುದಡಕ್ಕೆ ಹೋಗಿಯೂ ಅವನ್ನೇ ನೋಡಬಹುದು.

ಸೈಕಲ್ಲಿಗೆಂದೇ ದಾರಿ ಮಾಡುವ ಪ್ರಯತ್ನ ಆಗಲಿಲ್ಲವೆಂದಲ್ಲ. ಮಿಠಿಯ ಆಚೆಗಿನ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ ಬಣ್ಣ ಬಳಿದು ಸೈಕಲ್ ಪಟ್ಟಿ ಮಾಡಿದರು, ಅದರ ಮೇಲೆ ಕಾರುಗಳು ನಿಂತವು. ಇನ್ನೊಂದು ಯೋಜನೆ ನಿಜಕ್ಕೂ ಚೆಂದದ್ದು. ತಾನ್ಸಾ ಕೆರೆಯ ನೀರು 1892ರಿಂದ ನಗರಕ್ಕೆ ಬರುತ್ತಿದೆ. ಆ ಕೊಳವೆಗಳ ಇಕ್ಕೆಲದ ಒತ್ತುವರಿ ತೆರವುಗೊಳಿಸಲು ಹೈಕೋರ್ಟ್ ಆದೇಶಿಸಿತು. ತೆರವಾದ ಜಾಗ ಮತ್ತೆ ಒತ್ತುವರಿಯಾಗದಂತೆ ಮುಲುಂಡಿನಿಂದ ಸಯನ್‌ವರೆಗೆ 39 ಕಿ.ಮೀ. ಸೈಕಲ್ ದಾರಿ ಮಾಡುವುದೆಂದು ಮಹಾನಗರಪಾಲಿಕೆ ಹೊರಟಿತು. ಮೋಟಾರಿನ ಹಂಗಿಲ್ಲದೆ ಉಪನಗರದ ಉದ್ದಕ್ಕೂ ಒಂದು ದಾರಿ! ತುಂಡು ತುಂಡಾಗಿ ಒಂದಷ್ಟು ಆಗಿದೆ. ಸೈಕಲ್ ದಾರಿ ತುಂಡಾಗಿದ್ದರೆ ಅದು ವಾಕಿಂಗಿನವರ ಪಾಲು. ಮುಂಜಾವದಲ್ಲಿ ಅಜ್ಜಂದಿರು ಅಡ್ಡಸಾಲಿನಲ್ಲಿ ಮಾತಾಡುತ್ತ ಹೋಗುವಾಗ ಬೆಲ್ಲು ಬಾರಿಸುವುದಕ್ಕೂ ಸಂಕೋಚ.

ಮಳೆಗಾಲದ ಮಾತೇ ಬೇರೆ. ದ್ವೀಪಗಳ ನಡುವಿನ ತಗ್ಗನ್ನು ತುಂಬಿಸಿ ಮಾಡಿದ ನೆಲ ತಗ್ಗಾಗಿಯೇ ಇರುತ್ತದೆ. ಭಾರೀ ಮಳೆಗೆ ಸಮುದ್ರದ ಉಬ್ಬರವೂ ಕೂಡಿಕೊಂಡರೆ ನೀರಿಗೆ ಹೋಗಲು ತಾವಿಲ್ಲ. ಟಿವಿಯವರು ಮೊದಲು ಕ್ಯಾಮೆರಾ ಹಿಡಿದು ಬರುವುದು ಸಯನ್ ರಸ್ತೆ ನಂಬರ್ 24ಕ್ಕೆ, ಪಕ್ಕದ ಗಾಂಧಿ ಮಾರ್ಕೆಟ್ಟಿಗೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ 2005ರ ಜುಲೈ 26ನ್ನು ಇಲ್ಲಿಯವರು ಮರೆತಿಲ್ಲ.

ಪೂರ್ವ–ಪಶ್ಚಿಮ ಸಯನ್‌ಗಳ ನಡುವೆ ಹಳಿ ಇದೆ. ಹಳಿಯ ಮೇಲಿದ್ದ 1912ರ ಸೇತುವೆಯನ್ನು ಹೊಸದಾಗಿ ಕಟ್ಟಲೆಂದು 2024ರ ಆಗಸ್ಟ್ 1ರಿಂದ ಮುಚ್ಚಿದರು. ಕಾರಿನವನಿಗೆ ಅದು ಬಳಸುದಾರಿ ಅಷ್ಟೆ. ಇಡ್ಲಿ ಡಬ್ಬ ಹೊತ್ತ ಸೈಕಲ್ಲಿಗೆ ಅದು ಕಾಲಿನ ಲೆಕ್ಕ.

ಪೂರ್ವಕ್ಕೆ ಬಂದರೆ ಕನ್ನಡಿಗರ ಸಯನ್. ದಕ್ಷಿಣ ಕನ್ನಡ ಬ್ರಾಹ್ಮಣರು 1925ರಲ್ಲಿ ಕಟ್ಟಿಕೊಂಡ ಬಿ.ಎಸ್.ಕೆ.ಬಿ. ಎಸೋಸಿಯೇಶನ್‌ನ ‘ಗೋಕುಲ’ ಇಲ್ಲಿದೆ. ಮಾಟುಂಗದ ಮೈಸೂರು ಎಸೋಸಿಯೇಶನ್ 1926ರದ್ದು, ಅಲ್ಲಿಗೆ ತುಳಿದರೆ ಹತ್ತು ನಿಮಿಷ. 1896ರ ಪ್ಲೇಗಿನ ಪೆಟ್ಟು ತಿಂದ ಮೇಲೆ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗ–ಸಯನ್ ಬಡಾವಣೆಗಳನ್ನು ಯೋಜಿಸಿತ್ತು. ಅದಕ್ಕೇ ಇಲ್ಲಿನ ಒಳರಸ್ತೆಗಳಿಗೆ ಅಗಲವಿದೆ, ಮರದ ನೆರಳಿದೆ, ಫೈವ್ ಗಾರ್ಡನ್ಸ್ ಸುತ್ತ ಮಕ್ಕಳು ಸೈಕಲ್ ಕಲಿಯುವಷ್ಟು ನೆಮ್ಮದಿಯಿದೆ. ವಾಶಿಯಿಂದ ಮರಳಿದವರು ಕಿಂಗ್ಸ್ ಸರ್ಕಲ್ಲಿಗೆ ಬಂದು ಸೈಕಲ್ಲುಗಳನ್ನು ಕಂಬಕ್ಕೆ ಬೀಗ ಹಾಕಿ ನಿಲ್ಲಿಸುತ್ತಾರೆ. 1936ರ ಮೈಸೂರು ಕೆಫೆಯೋ 1940ರ ಕೆಫೆ ಮದ್ರಾಸೋ ಎಂಬ ಜಗಳ ತಂಡ ತಂಡದಲ್ಲೂ ಇದೆ. ನಾನು ಸಾಲು ಯಾವುದು ಚಿಕ್ಕದೋ ಆ ಪಕ್ಷ. ಭಾನುವಾರ ಎಂಟು ಗಂಟೆ ಕಳೆದರೆ ಎರಡರ ಮುಂದೆಯೂ ಹೆಸರು ಬರೆಸಿ ಕಾಯಬೇಕಾದೀತು, ಅದಕ್ಕೇ ವಾಶಿ ಸೇತುವೆಯಿಂದ ಮರಳುವಾಗ ಎಲ್ಲರ ಕಾಲಿಗೂ ವೇಗ ಹೆಚ್ಚು.